ಸಮಾಧಾನದ ಪುಸ್ತಕ

2025ರ ನವೆಂಬರ್ 17, ಸೋಮವಾರ. ಬೆಳಿಗ್ಗೆ ಹತ್ತು ನಲವತ್ತಕ್ಕೆ ತಾಯಿ ಮಗಳಿಬ್ಬರು ಠಾಣೆಯ ಮೆಟ್ಟಿಲು ಹತ್ತಿದರು. ತಾಯಿ ಚಪ್ಪಲಿಯನ್ನು ಬಾಗಿಲ ಹೊರಗೇ ಬಿಟ್ಟಳು. ಇಲ್ಲಿ ಅದೆಲ್ಲ ಬೇಕಿಲ್ಲ ಎಂದು ಹೇಳಲು ಹೋದ ಹೆಡ್ ಕಾನ್‌ಸ್ಟೇಬಲ್ ನಾಗೇಂದ್ರ, ಆಕೆಯ ಮುಖ ನೋಡಿ ಕುರ್ಚಿ ಎಳೆದು ಹಾಕಿದ.

ಇನ್‌ಸ್ಪೆಕ್ಟರ್ ಸುಚಿತ್ರಾ ಕೋರ್ಟಿಗೆ ಹೊರಟಿದ್ದವರು ಟೋಪಿಯನ್ನು ಮೇಜಿನ ಮೇಲಿಟ್ಟು ಮತ್ತೆ ಕೂತರು.

"ಏನಮ್ಮ ವಿಷಯ?"

"ನಮ್ಮ ಸಭೆ ಅಯ್ಯನೋರ ಮೇಲೆ ಕಂಪ್ಲೇಂಟ್ ಕೊಡ್ಬೇಕು ಮೇಡಂ," ಎಂದಳು ಮಗಳು.

"ಯಾವ ಸಭೆ?"

"ಹೆಬ್ಬಾಳದ ದೀಪಸ್ತಂಭ ಸಭೆ. ರೆವರೆಂಡ್ ಸತ್ಯಮಿತ್ರ."

ಸತ್ಯಮಿತ್ರ ಆ ಚರ್ಚಿನ ಹಿರಿಯ ಸಭಾಪಾಲಕರು. ಇಪ್ಪತ್ತೈದು ವರ್ಷದ ಹಿಂದೆ ತಗಡಿನ ಶೆಡ್ಡಿನಲ್ಲಿ ಹತ್ತು ಜನರನ್ನು ಕೂರಿಸಿಕೊಂಡು ಶುರು ಮಾಡಿದವರು. ಕಾರ್ಖಾನೆಗಳಿಗೆ ಪಾಳಿಯ ಮೇಲೆ ಹೋಗುವ ಮುನ್ನೂರು ಮನೆಗಳಲ್ಲಿ ಅವರಿಂದ ಒಂದಲ್ಲ ಒಂದು ಉಪಕಾರ ಆಗದ ಮನೆ ಇಲ್ಲ. ಅಂಥವರ ಮೇಲೆ ದೂರು ಬಂದರೆ ಠಾಣೆಯಲ್ಲೂ ಒಂದು ಗಳಿಗೆ ಪೆನ್ನು ನಿಲ್ಲುತ್ತದೆ. ನಿಲ್ಲಬಾರದು, ಆದರೂ ನಿಲ್ಲುತ್ತದೆ. ಸುಚಿತ್ರಾ ಮಹಿಳಾ ಪೇದೆ ಶಾರದಳನ್ನು ಕರೆದು ಬಾಗಿಲು ಮುಂದೆ ಮಾಡಿಸಿದರು.

ಮಗಳ ಹೆಸರು ಪ್ರೀತಿ, ವಯಸ್ಸು ಇಪ್ಪತ್ತನಾಲ್ಕು. ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ತಪಾಸಣೆ ವಿಭಾಗದ ಕೆಲಸ. ಚರ್ಚಿನ ಕ್ವೈರಿನಲ್ಲಿ, ಎಂದರೆ ಗಾಯನ ತಂಡದಲ್ಲಿ ಹಾಡುತ್ತಿದ್ದಳು. ತಾಯಿ ಚಲುವಮ್ಮ, ವಿಧವೆ.

"ಯಾವತ್ತು ಆಗಿದ್ದು?"

"ಅಕ್ಟೋಬರ್ ಹನ್ನೊಂದು, ಶನಿವಾರ. ಸಂಜೆ ಐದೂವರೆ. ಪ್ರಾಕ್ಟೀಸ್ ಮುಗಿದಿತ್ತು."

"ಎಲ್ಲಿ?"

"ಅಯ್ಯನೋರು ನಿಲುವಂಗಿ ಹಾಕ್ಕೊಳೋ ರೂಮಲ್ಲಿ. ಹಾಡಿನ ಪಟ್ಟಿ ತಿದ್ಬೇಕು ಬಾ ಅಂತ ಕರೆದ್ರು. ನಾನು ಒಳಗೆ ಹೋದ್ಮೇಲೆ ಚಿಲಕ ಹಾಕಿದ್ರು."

ಮುಂದಿನದನ್ನು ಅವಳು ಬಾಯಲ್ಲಿ ಹೇಳಲಿಲ್ಲ. ಕಾಗದ ಕೇಳಿ ತಾನೇ ಬರೆದಳು. ಹನ್ನೊಂದು ಸಾಲು. ಸುಚಿತ್ರಾ ಎರಡು ಸಲ ಓದಿ ಅವಳ ಮುಂದೆ ನೀರಿನ ಬಾಟಲಿ ಇಟ್ಟರು.

"ಯಾರಿಗೆ ಹೇಳಿದ್ರಿ?"

"ಅಮ್ಮಂಗೆ. ಅಮ್ಮ ಸುಂದರಮ್ಮ ಆಂಟಿಗೆ ಹೇಳಿದ್ರು. ಅವ್ರು ಸ್ತ್ರೀಯರ ಸಂಘದ ಅಧ್ಯಕ್ಷೆ. ಅವ್ರು ಸಭೆ ಕಾರ್ಯದರ್ಶಿಗೆ ಹೇಳಿದ್ರು. ಆಮೇಲೆ ನಮಗೆ ಸಮಾಧಾನ ಮಾಡಿಸಿದ್ರು."

"ಹಾಗಂದ್ರೆ?"

ಆ ಸಭೆಯಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಎಂದರೆ ರೊಟ್ಟಿ ಮತ್ತು ದ್ರಾಕ್ಷಾರಸ ಹಂಚುವ ಆರಾಧನೆ. ಸಭೆಯೊಳಗೆ ಯಾರಿಗೆ ಯಾರ ಮೇಲೆ ಮುನಿಸಿದ್ದರೂ ಅದಕ್ಕೆ ಮೊದಲು ಇಬ್ಬರೂ ಎದುರುಬದುರು ನಿಂತು, ಕೈ ಕುಲುಕಿ, ಒಂದು ಪುಸ್ತಕದಲ್ಲಿ ಸಹಿ ಹಾಕಬೇಕು. ಹಾಕದ ಮನೆಯವರಿಗೆ ಭೋಜನ ಇಲ್ಲ. ಗೋಡೆ ಜಗಳಕ್ಕೆ, ಅತ್ತೆ ಸೊಸೆ ಜಗಳಕ್ಕೆ ಒಳ್ಳೆಯ ಏರ್ಪಾಡೇ ಸರಿ. ಪ್ರೀತಿ ಹೇಳಿದ್ದನ್ನೂ ಸಭೆ ನಡೆಸುವ ಸಮಿತಿಯವರು ಒಂದು ಮುನಿಸು ಎಂದೇ ಲೆಕ್ಕಕ್ಕೆ ಹಿಡಿದಿದ್ದರು.

"ನೀವು ಸಹಿ ಹಾಕಿದ್ರಾ?"

ಪ್ರೀತಿ ತಲೆ ತಗ್ಗಿಸಿದಳು. ಉತ್ತರ ಬಂದದ್ದು ಚಲುವಮ್ಮನಿಂದ.

"ನಾನೇ ಆಕ್ಸಿದ್ದು ಕಣವ್ವ. ಇವ್ಳು ಆಕ್ದೇ ಇದ್ರೆ ನಂಗೂ ಭೋಜನ ಇಲ್ಲ ಅಂದ್ಬುಟ್ರು. ಇಪ್ಪತ್ತೆರಡು ವರ್ಸ ಒಂದು ತಿಂಗ್ಳೂ ತಪ್ಪಿಸ್ದೋಳಲ್ಲ ನಾನು. ಒಂದು ಚೂರು ರೊಟ್ಟಿಗೋಸ್ಕರ ನನ್ ಮಗಳ ಬಾಯಿ ಮುಚ್ಚಿಸ್ಬುಟ್ನಲ್ಲ, ನನ್ನಂಥ ತಾಯಿ ಇರ್ತಾಳಾ?"

"ಈಗ ಬಂದಿದ್ದು ಯಾಕೆ?"

"ನಿನ್ನೆ ಆರಾಧನೆಲಿ ಕಾರ್ಯದರ್ಶಿ ಪ್ರಕಟಣೆ ಓದಿದ್ರು ಮೇಡಂ," ಎಂದಳು ಪ್ರೀತಿ. "ಸಹೋದರಿ ಪ್ರೀತಿ ತನ್ನ ತಪ್ಪು ತಿಳುವಳಿಕೆ ಒಪ್ಪಿ ಸಹಿ ಮಾಡಿದ್ದಾಳೆ, ಕ್ವೈರಿನಿಂದ ಅವಳಿಗೆ ವಿಶ್ರಾಂತಿ ಕೊಟ್ಟಿದೀವಿ ಅಂತ. ಇವತ್ತು ಫ್ಯಾಕ್ಟರಿ ಬಸ್ಸಲ್ಲಿ ನನ್ ಪಕ್ಕ ಯಾರೂ ಕೂರ್ಲಿಲ್ಲ. ಅರ್ಧ ದಾರಿಲೇ ಇಳಿದು ಬಂದೆ. ನಾನು ಸುಳ್ಳಿ ಅನ್ನೋದಕ್ಕೆ ನನ್ ಸಹಿನೇ ಸಾಕ್ಷಿಯಂತೆ."

ಹನ್ನೆರಡೂ ಕಾಲಿಗೆ ಎಫ್‌ಐಆರ್ ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆ, ಕಲಂ 74 ಮತ್ತು 75, ಹೆಣ್ಣಿನ ಮಾನಕ್ಕೆ ಕೈ ಹಾಕಿದ್ದು ಮತ್ತು ಲೈಂಗಿಕ ಕಿರುಕುಳ.

ಮಾರನೆಯ ದಿನ, 18ನೇ ತಾರೀಖು ಬೆಳಿಗ್ಗೆ ಹನ್ನೊಂದಕ್ಕೆ ಚರ್ಚಿನಲ್ಲಿ ಸ್ಥಳ ಪಂಚನಾಮೆ. ಎದುರಿನ ಸೈಕಲ್ ಶಾಪಿನವನೂ ಪಾಲಿಕೆಯ ನೌಕರನೊಬ್ಬನೂ ಪಂಚರು. ಎಂಟು ಅಡಿಗೆ ಹತ್ತು ಅಡಿಯ ಕೋಣೆ, ಒಂದೇ ಬಾಗಿಲು, ಒಳಗಡೆ ಚಿಲಕ, ಕಿಟಕಿ ಇಲ್ಲ. ನಾಗೇಂದ್ರ ಟೇಪು ಹಿಡಿದು ಅಳೆದ, ಶಾರದ ಬರೆದುಕೊಂಡಳು.

ಸಭೆಯ ಕಾರ್ಯದರ್ಶಿ ವಿಜಯ್‌ಕುಮಾರ್ ನಿವೃತ್ತ ಮೇಷ್ಟ್ರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಎಲ್ಲರಿಗೂ ಕಾಫಿ ತರಿಸಲು ಹೋದರು. ಸುಚಿತ್ರಾ ಬೇಡವೆಂದರು.

"ಮೇಡಂ, ಇದು ಮುಗ್ದೋಗಿರೋ ವಿಷಯ. ನಮ್ಮಲ್ಲಿ ದಾಖಲೆ ಇದೆ."

"ಹೌದಾ? ತೋರಿಸಿ."

ಅವರು ಬೀರುವಿನಿಂದ ಬಿಳಿ ಬಟ್ಟೆಯಲ್ಲಿ ಸುತ್ತಿದ ಉದ್ದನೆಯ ಪುಸ್ತಕ ತೆಗೆದು, ಎರಡೂ ಕೈಯಲ್ಲಿ ಹಿಡಿದು ತಂದರು. ಕೇಸು ಇಲ್ಲಿಗೇ ಬಿತ್ತು ಎಂಬ ಧೈರ್ಯ ಮುಖದಲ್ಲಿತ್ತು. ನವೆಂಬರ್ 2ರ ಪುಟ ತೆಗೆದು ಪ್ರೀತಿಯ ಸಹಿಯ ಕೆಳಗೆ ಬೆರಳಿಟ್ಟರು.

ಸುಚಿತ್ರಾಗೆ ಒಂದು ಚಾಳಿ. ಯಾವ ರಿಜಿಸ್ಟರ್ ಕೈಗೆ ಸಿಕ್ಕರೂ ಮೊದಲ ಪುಟದಿಂದ ಓದಬೇಕು. ಅವರು ಕುರ್ಚಿ ಎಳೆದುಕೊಂಡು ಕೂತರು. ಅಣ್ಣ ತಮ್ಮಂದಿರ ಗೋಡೆ ವಿವಾದ. ನೀರಿನ ಮೋಟಾರು. ಯಾರೋ ಯಾರನ್ನೋ ಮದುವೆಗೆ ಕರೆಯದ್ದು. 2017ರ ಆಗಸ್ಟಿನ ಪುಟಕ್ಕೆ ಬಂದಾಗ ಅವರ ಬೆರಳು ನಿಂತಿತು. ಒಂದು ಕಡೆ ಸಭಾಪಾಲಕರ ಸಹಿ, ಇನ್ನೊಂದು ಕಡೆ ಒಬ್ಬ ಹುಡುಗಿಯದು. 2019ರಲ್ಲಿ ಮತ್ತೆ ಸಭಾಪಾಲಕರು, ಬೇರೆ ಹುಡುಗಿ. 2022ರಲ್ಲಿ ಪ್ರೇಮಲೀಲಾ ಎಂಬುವಳು. ಈಗ ಪ್ರೀತಿ. ಜಗಳದ ಕಾರಣ ಬರೆಯುವ ಜಾಗದಲ್ಲಿ ನಾಲ್ಕು ಕಡೆಯೂ ಒಂದೇ ಮಾತು, 'ತಪ್ಪು ತಿಳುವಳಿಕೆ'. ನಾಲ್ಕು ಕಡೆಯೂ ಸಾಕ್ಷಿಯ ಸಹಿ ಸುಂದರಮ್ಮನದು.

"ಸಾರ್, ಈ ಹುಡುಗೀರೆಲ್ಲ ಏನು ಮಾಡ್ತಿದ್ರು ಚರ್ಚಲ್ಲಿ?"

"ಕ್ವೈರಲ್ಲಿದ್ರು."

"ನಾಲ್ವರೂ?"

ವಿಜಯ್‌ಕುಮಾರ್ ಕನ್ನಡಕ ತೆಗೆದು ಒರೆಸಿದರು. "ಹೌದು ಮೇಡಂ."

"ಪುಸ್ತಕ ಬರೆಯೋದು ನೀವೇ ತಾನೆ? ಈ ನಾಲ್ಕನ್ನೂ ಯಾವತ್ತಾದ್ರೂ ಒಟ್ಟಿಗೆ ಓದಿದೀರಾ?"

"ಓದೋ ಹಾಗಿಲ್ಲ. ಸಮಾಧಾನ ಆದ ಮೇಲೆ ಆ ಪುಟ ಮತ್ತೆ ತಿರುಗಿಸಬಾರದು. ಅದು ನಮ್ಮ ಸಭೆ ನಿಯಮ. ಕ್ಷಮಿಸಿದ್ದನ್ನ ಎಣಿಸಬಾರದು ಅಂತ."

ಅವರು ಸುಳ್ಳು ಹೇಳುತ್ತಿರಲಿಲ್ಲ. ಪುಟಗಳನ್ನು ಈಗ ತಾವೇ ಹಿಂದಕ್ಕೆ ತಿರುಗಿಸಿ ನೋಡಿದರು, ಮುಂದಕ್ಕೆ ತಿರುಗಿಸಿ ನೋಡಿದರು. "ನನ್ನದೇ ಅಕ್ಷರ," ಎಂದರು, ಯಾರಿಗೆ ಎಂದಿಲ್ಲದೆ. ಮೂವತ್ತೈದು ವರ್ಷ ಮಕ್ಕಳ ಕಾಪಿ ಪುಸ್ತಕ ತಿದ್ದಿದ ಮನುಷ್ಯ, ಪಾಪ, ಇಷ್ಟು ದೊಡ್ಡ ತಪ್ಪು ಕಣ್ಣ ಮುಂದೆಯೇ ಇದ್ದರೂ ಕಂಡಿರಲಿಲ್ಲ. ಜಪ್ತಿ ಪಂಚನಾಮೆ ಬರೆದು ಪುಸ್ತಕಕ್ಕೆ ಸೀಲು ಹಾಕಿದರು. ವಿಜಯ್‌ಕುಮಾರ್ ಬಿಳಿ ಬಟ್ಟೆಯನ್ನು ಮಡಿಸಿ ಕೈಯಲ್ಲೇ ಹಿಡಿದುಕೊಂಡು ನಿಂತರು.

ಅದೇ ಸಂಜೆ ಸುಂದರಮ್ಮನನ್ನು ವಿಚಾರಿಸಿದಾಗ ಆಕೆ ಹೇಳಿದ್ದು ಇಷ್ಟೇ. "ನಾನು ಸಾಕ್ಷಿಗೆ ಸಹಿ ಹಾಕ್ದೋಳು ಅಷ್ಟೇ ಕಣಮ್ಮ. ದೇವರ ಸೇವಕರ ವಿಷಯ ನನ್ ಬಾಯಿಂದ ಬೇಡ." ಬಾಗಿಲು ಹಾಕಿಕೊಂಡರು.

ಮೊದಲ ಇಬ್ಬರು ಹುಡುಗಿಯರು ಊರು ಬಿಟ್ಟಿದ್ದರು. ಪ್ರೇಮಲೀಲಾ ಮದುವೆಯಾಗಿ ಕಡಕೊಳದಲ್ಲಿದ್ದಳು. 19ರ ಮಧ್ಯಾಹ್ನ ಅಲ್ಲಿನ ಕಾರ್ಖಾನೆಯ ಊಟದ ಬಿಡುವಿನಲ್ಲಿ ಗೇಟಿನ ಬಳಿ ಬಂದಳು. ಸುಚಿತ್ರಾ ಪುಸ್ತಕದ ವಿಷಯ ಹೇಳಿದರು. ಅವಳು ನಾಗೇಂದ್ರನನ್ನೇ ನೋಡುತ್ತಿದ್ದಳು.

"ಇವ್ರನ್ನ ನೋಡಿದೀನಿ ನಾನು. ಆವಾಗ ನಮ್ಮಪ್ಪ ನಿಮ್ ಸ್ಟೇಷನ್ನಿಗೆ ಬಂದಿದ್ರು. ನಾನು ಹೊರಗೆ ಆಟೋಲಿ ಕೂತಿದ್ದೆ. ದೊಡ್ಡೋರ ವಿಷ್ಯ, ಚರ್ಚಲ್ಲೇ ಕೂತು ಬಗೆಹರಿಸ್ಕೊಳಿ ಅಂತ ಮೆಟ್ಲವರೆಗೂ ಬಂದು ಕಳ್ಸಿದ್ರಿ ನೀವು."

ನಾಗೇಂದ್ರನಿಗೆ ನೆನಪು ಬರಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬಿಳಿ ಪಂಚೆಯ ಒಬ್ಬ ಮುದುಕ, ಮರಿಯಯ್ಯ ಎಂದು ಹೆಸರು ಹೇಳಿದ್ದ. ಒಳ್ಳೆಯ ಬುದ್ಧಿ ಹೇಳಿ ಕಳಿಸಿದೆ ಎಂದುಕೊಂಡು ಅವತ್ತು ನಾಗೇಂದ್ರ ನೆಮ್ಮದಿಯಾಗಿ ಟೀ ಕುಡಿದಿದ್ದ.

"ಹೌದಮ್ಮ, ನಾನೇ ಕಳ್ಸಿದ್ದು," ಎಂದ. ಆಮೇಲೆ ಸುಚಿತ್ರಾ ಕಡೆ ತಿರುಗಿ, "ಅದನ್ನೂ ಬರೀರಿ ಮೇಡಂ. ಬಿಡ್ಬೇಡಿ."

ಸುಚಿತ್ರಾ ಕೇಸ್ ಡೈರಿಯಲ್ಲಿ ಬರೆದರು. ಪ್ರೇಮಲೀಲಾ ಹೇಳಿಕೆ ಕೊಟ್ಟಳು. ಅದೇ ಕೋಣೆ, ಅದೇ ಹಾಡಿನ ಪಟ್ಟಿ, ಅದೇ ಚಿಲಕ.

21ರ ಮಧ್ಯಾಹ್ನ ಮೂರಕ್ಕೆ ಪ್ರೇಮಲೀಲಾಳ ಅತ್ತೆ ಮಾದೇವಮ್ಮ ಬಸ್ಸು ಹಿಡಿದು ನೇರ ಠಾಣೆಗೆ ಬಂದಳು. ಸತ್ಯಮಿತ್ರ ಆಕೆಗೆ ಫೋನ್ ಮಾಡಿದ್ದರು. ನಿಮ್ಮ ಸೊಸೆ ಹಳೆಯದನ್ನು ಕೆದಕಿದರೆ ನಿಮ್ಮ ಮನೆ ಮರ್ಯಾದೆ ಬೀದಿಗೆ ಬರುತ್ತದೆ, ಹೇಳಿಕೆ ವಾಪಸ್ ತೆಗೆಸಿ ಎಂದಿದ್ದರು.

"ನನ್ ಸೊಸೆ ಮರ್ಯಾದೆ ನಾನ್ ನೋಡ್ಕೋತೀನಿ. ಅದ್ನ ಏಳಾಕೆ ಅವ್ನ್ಯಾರವ್ವ? ಬರ್ಕೊಳಿ, ನನ್ ಎಬ್ಬೆಟ್ಟೂ ತಗೊಳಿ," ಎಂದು ಮಾದೇವಮ್ಮ ಮೇಜಿನ ಮೇಲೆ ಫೋನು ಇಟ್ಟಳು. ಕರೆ ಬಂದ ಸಮಯ ಅದರಲ್ಲಿತ್ತು, 11.52.

ಅಲ್ಲಿಯವರೆಗೆ ನೋಟಿಸು ಕೊಟ್ಟು ಕರೆಸಿದರೆ ಸಾಕೆಂದುಕೊಂಡಿದ್ದ ಸುಚಿತ್ರಾಗೆ ಈಗ ಬಂಧನಕ್ಕೆ ಕಾರಣ ಸಿಕ್ಕಿತು. ಸಾಕ್ಷಿಗಳನ್ನು ಹೆದರಿಸುತ್ತಿದ್ದಾರೆ.

22, ಶನಿವಾರ. ಸಂಜೆ ನಾಲ್ಕು ಮುಕ್ಕಾಲು. ಕ್ವೈರಿನವರು ಒಬ್ಬೊಬ್ಬರಾಗಿ ಚರ್ಚಿಗೆ ಬರುತ್ತಿದ್ದರು. ಮುಂದಿನ ಬೆಂಚಿನಲ್ಲಿ ಸುಂದರಮ್ಮ ಕೂತಿದ್ದರು. ಅರವತ್ತೊಂದರ ಸತ್ಯಮಿತ್ರ ಪೊಲೀಸರನ್ನು ನೋಡಿ ಗಾಬರಿಯಾಗಲಿಲ್ಲ. ಬೇಸರವಾದಂತೆ ಕಂಡರು.

"ಅಮ್ಮಾ, ಅವರೆಲ್ಲ ನನ್ನನ್ನ ಕ್ಷಮಿಸಿದ್ದಾರೆ. ಪುಸ್ತಕ ನಿಮ್ಮ ಹತ್ರಾನೇ ಇದೆಯಲ್ಲ, ನೋಡಿ."

"ನೋಡಿದೀನಿ ಸಾರ್. ಎಲ್ಲಾ ಪುಟ."

ಬಂಧನದ ಕಾರಣಗಳನ್ನು ಬರೆದ ಕಾಗದವನ್ನು ಸುಚಿತ್ರಾ ಕೈಗೆ ಕೊಟ್ಟರು. ಐದು ಹತ್ತಕ್ಕೆ ಜೀಪು ಹೊರಟಿತು. ಕೆಲವರು ಅತ್ತರು, ಕೆಲವರು ಪೊಲೀಸರಿಗೆ ಶಾಪ ಹಾಕಿದರು. ವಿಜಯ್‌ಕುಮಾರ್ ಪ್ರಕಟಣೆಯ ಫಲಕದ ಮುಂದೆ ನಿಂತು, ಪ್ರೀತಿಯ ಹೆಸರಿದ್ದ ಹಿಂದಿನ ವಾರದ ಕಾಗದದ ಪಿನ್ನು ಕೀಳುತ್ತಿದ್ದರು.

ಠಾಣೆಯಲ್ಲಿ ಸತ್ಯಮಿತ್ರ ತಾವಾಗಿಯೇ ಮಾತಾಡಿದರು. ಪೊಲೀಸರ ಮುಂದೆ ಹೇಳಿದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಅದು ಸುಚಿತ್ರಾಗೂ ಗೊತ್ತಿತ್ತು. ಆದರೂ ಕೇಳಿಸಿಕೊಂಡರು.

"ಮೊದಲನೇ ಸಲ ಮೂರು ದಿನ ಅನ್ನ ಸೇರಲಿಲ್ಲ. ರಾಜೀನಾಮೆ ಬರೆದು ಜೇಬಲ್ಲಿಟ್ಟಿದ್ದೆ. ಕೊಡೋಕೆ ಮೊದಲೇ ಸಮಾಧಾನ ಮಾಡಿಸಿದರು. ಆ ಹುಡುಗಿ ಸಹಿ ಹಾಕಿದಳು. ಭಾನುವಾರ ನಾನು ದೇವರ ವಾಕ್ಯದ ಮೇಲೆ ಪ್ರಸಂಗ ಮಾಡಿದೆ, ಜನ ಎಂದಿನ ಹಾಗೆ ಬಂದು ಕೈ ಮುಗಿದರು. ಕಾಗದ ಹರಿದು ಹಾಕಿದೆ. ಆಮೇಲೆ ನನಗೆ ಹೆದರಿಕೆ ಅನ್ನೋದೇ ಆಗಲಿಲ್ಲ ಅಮ್ಮ."

ಆ ಒಂದು ದಿನ ಯಾರಾದರೂ ಅವರ ರಾಜೀನಾಮೆ ಇಸಿದುಕೊಂಡಿದ್ದರೆ ಮೂವರು ಹುಡುಗಿಯರು ಉಳಿಯುತ್ತಿದ್ದರು.

24, ಸೋಮವಾರ. ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಡಲು ಪ್ರೀತಿ ತಾಯಿಯ ಜೊತೆ ಠಾಣೆಗೆ ಬಂದು ಬೆಂಚಿನ ಮೇಲೆ ಕೂತಿದ್ದಳು. ಹತ್ತು ಗಂಟೆಗೆ ಸುಂದರಮ್ಮ ಒಬ್ಬರೇ ಬಂದರು. ಸೀದಾ ಸುಚಿತ್ರಾ ಮುಂದೆ ನಿಂತರು.

"ಆ ಪುಸ್ತಕದಲ್ಲಿ ನನ್ ಸಹಿ ನಾಲ್ಕಿದಾವಲ್ಲ, ಹೊಡೆದು ಹಾಕ್ಬೇಕು ಕಣಮ್ಮ. ಒಂದು ಪೆನ್ನು ಕೊಡಿ."

"ಅದಾಗಲ್ಲಮ್ಮ. ಪುಸ್ತಕ ಈಗ ಕೋರ್ಟಿನದು. ಯಾಕೆ ಹಾಕಿದ್ರಿ ಅಂತ ಬೇಕಾದ್ರೆ ಹೇಳ್ಬಹುದು."

"ಹೇಳ್ತೀನಿ. ಮೊದಲನೇ ಹುಡ್ಗಿ ನನ್ ಮಡಿಲಲ್ಲಿ ಬಿದ್ದು ಅತ್ತಿದ್ಲು. ಸಹಿ ಹಾಕ್ಬುಡು ಮಗಾ, ಮನಸ್ಸು ಹಗುರಾಗುತ್ತೆ ಅಂದೆ. ನಂಗೆ ಗೊತ್ತಿತ್ತು ಕಣಮ್ಮ ಅವ್ಳು ಹೇಳ್ತಿರೋದು ನಿಜ ಅಂತ. ನಾಲ್ಕು ಸಲಾನೂ ಗೊತ್ತಿತ್ತು. ಸಭೆ ಒಡೆದೋಗುತ್ತೆ ಅಂತ ಹೆದರ್ಕೊಂಡೆ."

ಶಾರದ ಕಾಗದ ತೆಗೆದಳು. ಸುಂದರಮ್ಮ ಕೂರುವ ಮೊದಲು ಬೆಂಚಿನ ಕಡೆ ಹೋದರು. ಚಲುವಮ್ಮ ಎದ್ದು ನಿಂತಳು. ಪ್ರೀತಿ ಏಳಲಿಲ್ಲ.

"ತಪ್ಪಾಯ್ತು ಕಣವ್ವ. ನಿನ್ ಕೈಗೆ ಪೆನ್ನು ಕೊಟ್ಟೋಳು ನಾನೇ," ಎಂದು ಸುಂದರಮ್ಮ ಬಲಗೈ ಚಾಚಿದರು. ಎಷ್ಟೋ ವರ್ಷ ಜನರನ್ನು ಎದುರುಬದುರು ನಿಲ್ಲಿಸಿ ಕೈ ಕುಲುಕಿಸಿದ ಅಭ್ಯಾಸ.

ಪ್ರೀತಿ ಆ ಕೈಯನ್ನು ನೋಡಿದಳು. ಮಗಳು ಏನು ಮಾಡುತ್ತಾಳೋ ಎಂದು ಚಲುವಮ್ಮ ನೋಡುತ್ತಿದ್ದಳು. ಈ ಸಲ ಆಕೆ ಏನೂ ಹೇಳಿಕೊಡಲಿಲ್ಲ.

"ಈಗ ಬೇಡ ಆಂಟಿ," ಎಂದಳು ಪ್ರೀತಿ. "ನನಗೆ ಯಾವಾಗ ಆಗುತ್ತೋ ಆವಾಗ ನಾನೇ ಬಂದು ಹೇಳ್ತೀನಿ. ಆಗದೇನೂ ಇರ್ಬಹುದು."

ಸುಂದರಮ್ಮ ಕೈ ಹಿಂದಕ್ಕೆ ತೆಗೆದುಕೊಂಡು ಸೆರಗಿನಲ್ಲಿ ಸುತ್ತಿಕೊಂಡರು. "ಆಯ್ತು ಕಣವ್ವ," ಎಂದು ಹೋಗಿ ಶಾರದಳ ಎದುರು ಕೂತು, 2017ರಿಂದ ಹೇಳತೊಡಗಿದರು.