ಕೋಡಿಬಾಗದ ಸಹಿ ಕಟ್ಟು

ಮೇಜಿನ ಮೇಲೆ ಕಟ್ಟು ಇರಲಿಲ್ಲ.

ತುಳಸಿದಾಸ ಮಾಸ್ತರರು ಮೂರು ಸಲ ಹುಡುಕಿದರು. ಕಪಾಟು, ಮಂಚದ ಕೆಳಗೆ, ಮತ್ತೆ ಮೇಜು. ಒಂದೂವರೆ ವರ್ಷ ಕಾರವಾರ, ಅಂಕೋಲೆ ಸುತ್ತಿ ಕೂಡಿಸಿದ ಸಾವಿರದ ಇನ್ನೂರು ಸಹಿ, ಹೆಬ್ಬೆಟ್ಟು. ಚುನಾವಣೆಯ ಖರ್ಚಿಗೆ ಅಭ್ಯರ್ಥಿಗಷ್ಟೇ ಅಲ್ಲ, ಪಕ್ಷಕ್ಕೂ ಮಿತಿ ಹಾಕಿ. ಸಂವಿಧಾನ ತಿದ್ದಿ ಅದನ್ನು ಅಲ್ಲೇ ಬರೆಯಿರಿ — ಇದು ಅರ್ಜಿ. ಅದು ದಿಲ್ಲಿಗೆ ತಲುಪಬೇಕಾದ ಕೊನೆಯ ದಿನಕ್ಕೆ ಐದೇ ದಿನ ಉಳಿದಿತ್ತು. ಎರಡು ಗಂಟೆಯ ಟಪಾಲು ತಪ್ಪಿದರೆ ಎಲ್ಲ ವ್ಯರ್ಥ.

ಅದು 2008ರ ಚುನಾವಣೆ. ಕಾಳಿ ನದಿಯಲ್ಲಿ ಪಕ್ಷದ ಬಾವುಟ ಕಟ್ಟಿದ ಬಾಡಿಗೆ ದೋಣಿಗಳು ಪ್ರಚಾರ ಕೂಗುತ್ತ ಹೋಗುತ್ತಿದ್ದವು.

ಮಾಸ್ತರರ ಗೆಳೆಯ, ನಿವೃತ್ತ ಹವಾಲ್ದಾರ ಮಾಬ್ಲೇಶ್ವರ ಅಂಕೋಲೆಯಿಂದ ಬಸ್ಸು ಹತ್ತಿ ಬಂದರು. ಮನೆಗೆಲಸದವಳಾದ ನಾನು ಬಾಗಿಲ ಮರೆಯಲ್ಲಿದ್ದೆ.

"ನೀತಾ, ಬೆಳಿಗ್ಗೆ ಯಾರ್ಯಾರು ಬಂದಿದ್ರು?" ಹವಾಲ್ದಾರರು ನನ್ನನ್ನು ಕೇಳಿದರು.

"ಮೂರು ಜನ," ಎಂದೆ. ಪಕ್ಷದ ವಿಕಾಸ — ಮತದ ಚೀಟಿ ಕೊಡಲು. ಕದ್ವಾಡದ ಜಟ್ಟಪ್ಪ — ಬಸಳೆ ತಂದಿದ್ದ. ಪಕ್ಕದ ಮನೆಯ ಹೊನ್ನಮ್ಮ, ಬಲೆ ಸರಿಮಾಡಿ ಬದುಕುವವಳು — ಬುಟ್ಟಿ ಹಿಡಿದು ಬೆಂಕಿಪೆಟ್ಟಿಗೆ ಕೇಳಲು.

ಮೂವರನ್ನೂ ಕರೆಸಿದರು.

"ನಾ ಕದ್ದೆನಾ?" ವಿಕಾಸ ನಕ್ಕ. "ಎಂತಕ್ಕೆ? ಅದು ರದ್ದಿ! ನಮ್ ಸಾಹೇಬ್ರು ಕಡಲೆ ಕಟ್ಟಿ ಕೊಡೂಕೂ ತಕಳೂದಿಲ್ಲ."

"ನೀನು, ಜಟ್ಟಪ್ಪ?"

"ನಾನೇ ಸಹಿ ಹಾಕ್ದವ, ಹವಾಲ್ದಾರ್ರೆ. ಎಂತದೂ ಆಗೂದಿಲ್ಲ ಅಂತ ಗೊತ್ತಿತ್ತು. ಮಾಸ್ತರ ಮುಖ ನೋಡಿ ಹಾಕ್ದೆ."

ಮಾಸ್ತರರು ತಲೆ ತಗ್ಗಿಸಿದರು. ಹೊನ್ನಮ್ಮ ಸೆರಗು ಹಿಡಿದು ನಿಂತಿದ್ದಳು.

ಮಾಬ್ಲೇಶ್ವರರು ಮೇಜಿನ ಮೂಲೆಯಿಂದ ಏನನ್ನೋ ಎತ್ತಿದರು. ಸಹಿಗಳ ಕಟ್ಟಿಗೆ ಬಿಗಿದಿದ್ದ ನೈಲಾನ್ ಹುರಿ. ಬೆಳಿಗ್ಗೆಯೇ ಅದನ್ನು ನೋಡಿದ್ದೆ. ಹೇಳಲು ಬಾಯಿ ಬಂದಿರಲಿಲ್ಲ.

"ಗಂಟು ಹಾಕಿದ್ದು ಯಾರು?"

"ನಾನೇ," ಮಾಸ್ತರರೆಂದರು. "ಅಪ್ಪ ಕಲಿಸಿದ ಬಲೆ ಗಂಟು. ಎಳೆದಷ್ಟೂ ಬಿಗಿ."

"ಅವಸರದ ಕಳ್ಳ ಕಟ್ಟನ್ನೇ ಎತ್ತಿಕೊಂಡು ಓಡ್ತಿದ್ದ. ಬಿಚ್ಚಬೇಕೆಂದರೂ ಕತ್ತರಿಸ್ತಿದ್ದ. ಇಲ್ಲಿ ನೋಡಿ — ಹುರಿ ಇಡಿಯಾಗಿದೆ. ಎರಡು ಬೆರಳಿಗೆ ಇಂಗ್ಲಿಷ್ ಎಂಟರ ಹಾಗೆ ಸುತ್ತಿ, ತುದಿ ಸಿಕ್ಕಿಸಿ ಇಟ್ಟಿದೆ. ಕಾಗದ ತೆಳುವಾಗಿ ಹರಡಿ ಬುಟ್ಟಿಯ ತಳಕ್ಕೆ ಹಾಕಲು ಬಿಚ್ಚಿದ್ದು. ಆದರೆ ಹುರಿ ಹಾಳುಮಾಡಲು ಆ ಕೈ ಒಪ್ಪಲಿಲ್ಲ. ಪರರ ಹುರಿ ಒಯ್ಯಲೂ ಒಪ್ಪಲಿಲ್ಲ. ದಿನವೆಲ್ಲ ಬಲೆ ಸರಿಮಾಡುವ ಕೈ — ಹೌದಲ್ಲ, ಹೊನ್ನಮ್ಮ?"

ಅವಳು ಸೆರಗು ಬಿಟ್ಟು ನೆಲದ ಮೇಲೆ ಕುಳಿತಳು.

"ಸುಡ್ಲಿಲ್ಲ. ಬೆಂಕಿಪೆಟ್ಗಿ ತಕಂಡು ಹೋದೆ, ಕೈ ಬರ್ಲಿಲ್ಲ. ಬುಟ್ಟಿಲೇ ಅದೆ."

"ಎಂತಕ್ಕೆ ಒಯ್ದೆ?"

"ಮಗ ರೋಹಿತ ನಾಕು ವರ್ಷ ಮಲ್ಪೆ ಬೋಟಲ್ಲಿದ್ದ. ಈಗ ಪಕ್ಷದವ್ರು ದೋಣಿ ನಡೆಸೂಕೆ ಕರ್ದ್ರು, ಬಂದ. ದಿನಾ ಮನೇಲಿ ಉಣ್ತ. ಈ ಕಾಗ್ದ ದಿಲ್ಲಿಗೆ ಮುಟ್ಟಿದ್ರೆ ಪಕ್ಷದವ್ರ ಖರ್ಚು ನಿಂತು ದೋಣಿ ಬಾಡಿಗೆ ನಿಲ್ತದೆ. ಅಂವ ಹೋಗ್ತ."

"ಚುನಾವಣೆ ಮುಗಿದ್ರೂ ಹೋಗ್ತಾನಲ್ಲೇ," ಮಾಸ್ತರರು ಮೆಲ್ಲಗೆ ಅಂದರು.

"ಅದಕ್ಕೆ ಇನ್ನೂ ಹನ್ನೊಂದು ದಿನ ಅದೆ, ಮಾಸ್ತರೆ."

ಯಾರೂ ನಗಲಿಲ್ಲ. ವಿಕಾಸ ಕೂಡ.

"ಮಾಸ್ತರೇ," ಮಾಬ್ಲೇಶ್ವರರೆಂದರು, "ನಿಮ್ಮ ಅರ್ಜಿಯಿಂದ ಕೆಲಸ ಆಗ್ತದೆ ಅಂತ ಪೂರ್ತಿ ನಂಬಿದವಳು ಇವಳೊಬ್ಬಳೇ."

ಹೊನ್ನಮ್ಮ ಕಾಗದ ತಂದಳು. ತಾನೇ ಜೋಡಿಸಿ, ಅದೇ ಹುರಿಯಿಂದ ಕಟ್ಟಿ, ಹಲ್ಲಿನಿಂದ ಎಳೆದು ಬಿಗಿದಳು.

ಕಟ್ಟು ಹೊತ್ತು ನಾನು ಟಪಾಲು ಕಚೇರಿಗೆ ನಡೆದೆ. ತಿರುಗಿ ನೋಡಿದರೆ ಅವಳು ದಡದಲ್ಲಿ ಒಬ್ಬಳೇ ನಿಂತು, ಬಾವುಟದ ದೋಣಿಗಳಲ್ಲಿ ಮಗನದು ಯಾವುದೆಂದು ಹುಡುಕುತ್ತಿದ್ದಳು.