ಇಪ್ಪತ್ತೆಂಟು ಸೆಕೆಂಡು

ರಶ್ಮಿತಾ ಬಕೆಟ್ಟಿನಲ್ಲಿ ಕೈ ಅದ್ದಿ, ಫ್ಯಾಕ್ಟರಿಯವರು ಕೊಟ್ಟಿದ್ದ ಕಿತ್ತಳೆ ಬಣ್ಣದ ಜಾಕೆಟ್ಟನ್ನು ಮೂರನೇ ಸಲ ಉಜ್ಜುತ್ತಿದ್ದಳು. ವಿದ್ಯಾನಗರದ ಹಾಸ್ಟೆಲ್ಲಿನ ತಾರಸಿಯ ಮೇಲೆ ಬೆಳಗಿನ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಕಾಲರಿನ ಕೊಳೆ ಹೋಗಿತ್ತು. ಏಲಕ್ಕಿ ಬಿಸ್ಕತ್ತಿನ ವಾಸನೆ ಮಾತ್ರ ಹೋಗಿರಲಿಲ್ಲ.

"ಅದು ಹೋಗಲ್ಲ ಬಿಡೇ," ಎಂದಳು ರೂಂಮೇಟ್ ಭವ್ಯಾ, ತನ್ನ ಚೂಡಿದಾರವನ್ನು ಹಗ್ಗದ ಮೇಲೆ ಹರವುತ್ತಾ. "ಎರಡು ತಿಂಗಳು ಆ ಫ್ಯಾಕ್ಟರಿಯೊಳಗೆ ಇದ್ದು ಇದ್ದು ನೀನೇ ಒಂದು ಬಿಸ್ಕತ್ತಾಗಿದೀಯ."

ರಶ್ಮಿತಾ ನಗಲಿಲ್ಲ.

"ಜಾಕೆಟ್ ವಾಪಸ್ ಕೊಟ್ರೆ ಸರ್ಟಿಫಿಕೇಟು. ಓದು ಮುಗಿದ ಕೂಡ್ಲೇ ಕೆಲಸ. ಇಷ್ಟಕ್ಕೆ ಯಾರಾದ್ರೂ ಅಳ್ತಾರೇನೇ?"

"ಸೋಪು ಕಣ್ಣಿಗೆ ಬಿತ್ತು."

"ಹತ್ತೊಂಬತ್ತು ದಿನದಿಂದ ಬೀಳ್ತಾನೇ ಐತೆ."

ಹತ್ತೊಂಬತ್ತು ದಿನದಿಂದ ರಶ್ಮಿತಾಳ ಮೊಬೈಲಿನಲ್ಲಿ ಒಂದು ಪತ್ರ ಅರ್ಧಕ್ಕೆ ನಿಂತಿತ್ತು. ಅದು ಭವ್ಯಾಗೂ ಗೊತ್ತಿರಲಿಲ್ಲ.

ಎಂಬಿಎ ಮೊದಲ ವರ್ಷ ಮುಗಿದ ಬೇಸಿಗೆಯಲ್ಲಿ ಅವಳಿಗೆ ಇಂಟರ್ನ್‌ಶಿಪ್ ಸಿಕ್ಕಿದ್ದು ಹರಿಹರದ ಆಚೆ ಇರುವ ದೊಡ್ಡ ಬಿಸ್ಕತ್ತು ಕಂಪನಿಯಲ್ಲಿ. ಪ್ಯಾಕಿಂಗ್ ಮೇಜಿನ ಪಕ್ಕ ನಿಂತು, ಒಂದು ಬಾಕ್ಸು ತುಂಬಿ, ಟೇಪು ಸುತ್ತಿ, ಪೇರಿಸುವುದಕ್ಕೆ ಎಷ್ಟು ಸೆಕೆಂಡು ಹಿಡಿಯುತ್ತದೆ ಎಂದು ಬರೆದುಕೊಳ್ಳುವುದು ಅವಳ ಕೆಲಸ. ಆ ಮೇಜಿಗೆ ನಾಲ್ಕು ಜನ. ಅವರಲ್ಲಿ ಸಾರಥಿ ಎಂಬ ಊರಿನ ಮಾಲತೇಶ ಒಬ್ಬ.

"ನೀವು ಪೊಲೀಸ್ನೋರೇನ್ರಿ ಮೇಡಂ?" ಮೊದಲ ದಿನವೇ ಕೇಳಿದ್ದ.

"ಯಾಕ್ರಿ?"

"ಮೊಬೈಲ್ ಹಿಡ್ಕಂಡು ನನ್ನೇ ನೋಡ್ತಿದೀರಲ್ಲ."

"ನಿಮ್ಮನ್ನಲ್ಲ, ನಿಮ್ಮ ಕೈನ."

"ಕೈ ನಂದೇ ಅಲ್ಲೇನ್ರಿ?"

ಅಕ್ಕಪಕ್ಕದವರು ನಕ್ಕರು. ರಶ್ಮಿತಾ ಕೆನ್ನೆ ಬಿಸಿಯಾಗಿ ಮೊಬೈಲಿನ ಗಡಿಯಾರ ನಿಲ್ಲಿಸುವುದನ್ನೇ ಮರೆತಳು. ಆಮೇಲೆ ಹಿಡಿದ ಲೆಕ್ಕ ನಲವತ್ತೆರಡು ಸೆಕೆಂಡು.

"ಇದು ನಿಮಗೆ ಪರೀಕ್ಷೇನಾ?" ಎಂದ ಅವನು, ಸ್ವಲ್ಪ ಹೊತ್ತಾದ ಮೇಲೆ.

"ಒಂಥರಾ ಪರೀಕ್ಷೇನೇ."

"ಎಷ್ಟು ಬಂದ್ರೆ ಪಾಸು?"

"ಕಮ್ಮಿ ಆದಷ್ಟೂ ಚಲೋ," ಎಂದು ಅವಳು ತಮಾಷೆಗೆ ಹೇಳಿಬಿಟ್ಟಳು.

ಅವನು ಅದನ್ನು ನಿಜವೆಂದೇ ಹಿಡಿದ. ಮಾರನೇ ದಿನ ಮೂವತ್ತೆಂಟು. ವಾರಕ್ಕೆ ಮೂವತ್ನಾಲ್ಕು. ಬಾಕ್ಸು ಪೇರಿಸಿದ ಕೂಡಲೇ ಕಣ್ಣೆತ್ತಿ ನೋಡುತ್ತಿದ್ದ. ಅವಳು ಮೊಬೈಲನ್ನು ಅವನ ಕಡೆ ತಿರುಗಿಸುತ್ತಿದ್ದಳು. ಅವನ ತುಟಿಯ ಒಂದೇ ಮೂಲೆಯಲ್ಲಿ ನಗು ಮೂಡಿ ಹೋಗುತ್ತಿತ್ತು. ಆ ನಗುವಿಗಾಗಿ ಅವಳು ಬೆಳಗ್ಗೆ ಏಳರ ಬಸ್ಸಿಗೆ ಆರೂವರೆಗೇ ಬಂದು ನಿಲ್ಲತೊಡಗಿದಳು.

ಇಪ್ಪತ್ತೆಂಟಕ್ಕೆ ಇಳಿದ ದಿನ ಅವನ ಮಣಿಕಟ್ಟಿಗೆ ಬಟ್ಟೆ ಸುತ್ತಿತ್ತು.

"ಇದೇನ್ರಿ?"

"ಟೇಪು ತಾಗೈತೆ, ಅಷ್ಟೆ."

ಅಷ್ಟೇ ಅಲ್ಲವೆಂದು ಅವಳಿಗೆ ಗೊತ್ತಾಗಿತ್ತು. ನಿಧಾನ ಮಾಡ್ರಿ ಎಂದಿದ್ದರೆ ಸಾಕಿತ್ತು. ಹಾಗೆ ಹೇಳಿದರೆ ಆ ಕಣ್ಣೆತ್ತುವುದು ನಿಂತುಹೋದೀತೆಂದು ಸುಮ್ಮನಾದಳು.

ರಿಪೋರ್ಟಿನಲ್ಲಿ ಇಪ್ಪತ್ತೆಂಟು ಎಂದೇ ಬರೆದಳು. ಶಿಫಾರಸು ಎಂಬ ಖಾನೆಯಲ್ಲಿ, ನಾಲ್ವರ ಕೆಲಸಕ್ಕೆ ಮೂವರು ಸಾಕು ಎಂದೂ ಸೇರಿಸಿದಳು. ಮ್ಯಾನೇಜರ್ ಮಹಾಂತೇಶ್ ಸರ್ ಎಲ್ಲರೆದುರು ಚಪ್ಪಾಳೆ ತಟ್ಟಿದರು. ಓದು ಮುಗಿದ ಮೇಲೆ ಕೆಲಸವೂ ಖಾತ್ರಿಯೆಂದರು.

ವಾರ ಕಳೆದು ಪೇಡೆ ಹಂಚಲು ಫ್ಯಾಕ್ಟರಿಗೆ ಹೋದವಳಿಗೆ ಗೇಟಿನ ಹೊರಗೇ ಉಡಚಮ್ಮ ಸಿಕ್ಕಳು. ಹನ್ನೊಂದು ವರ್ಷ ಆ ಮೇಜಿನಲ್ಲಿ ನಿಂತವಳು, ಅವತ್ತು ಟಿಫಿನ್ ಬಾಕ್ಸು ಮಡಿಲಲ್ಲಿಟ್ಟುಕೊಂಡು ಕಲ್ಲಿನ ಮೇಲೆ ಕೂತಿದ್ದಳು.

"ಮೂವರು ಸಾಕಂತೆ ಕಣಮ್ಮ. ಉಳಿದೋರು ಇಪ್ಪತ್ತೆಂಟರಾಗೆ ಮುಗಿಸಬೇಕಂತೆ. ಮಾಲತೇಶನ ಕೈ ಬಾತೈತೆ. ಈ ತಿಂಗಳ ಕೊನೆಗೆ ಅವನ್ನೂ ತೆಗೀತಾರೆ." ಬಯ್ಯಲಿಲ್ಲ. ಪೇಡೆಯನ್ನೂ ತಗೊಂಡಳು. ಅದು ರಶ್ಮಿತಾಳನ್ನು ಹೆಚ್ಚು ಸುಟ್ಟಿತು.

ಅವತ್ತೇ ಬಸ್ಸಿನಲ್ಲಿ ಮಹಾಂತೇಶ್ ಸರ್‌ಗೆ ಪತ್ರ ಬರೆಯಲು ಕೂತಳು. ನನ್ನ ಲೆಕ್ಕ ತಪ್ಪು, ರಿಪೋರ್ಟನ್ನು ಹಿಂತೆಗೆದುಕೊಳ್ಳುತ್ತೇನೆ, ತೆಗೆದವರನ್ನು ಮರಳಿ ಕರೆಯಿರಿ. ಅಲ್ಲಿಯವರೆಗೆ ಸುಲಭವಾಗಿ ಬಂತು. ಯಾಕೆ ತಪ್ಪು ಎಂಬಲ್ಲಿ ಬೆರಳು ನಿಂತಿತು. ಕಾರಣ ಹೇಳದಿದ್ದರೆ ಯಾರೂ ನಂಬುವುದಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ, ತನ್ನ ಹೆಸರು ಕಾಲೇಜಿನ ಬಾಯಿಗೆಲ್ಲ ಬೀಳುತ್ತದೆ. ಒಂದೇ ಸಾಲಿನ ಜಾಗ. ಹತ್ತೊಂಬತ್ತು ದಿನ ಖಾಲಿಯೇ ಉಳಿಯಿತು.

ಇವತ್ತು ತಿಂಗಳ ಕೊನೆ.

ಅರೆಬರೆ ಒಣಗಿದ ಜಾಕೆಟ್ಟನ್ನು ಬ್ಯಾಗಿಗೆ ತುರುಕಿ ಹರಿಹರದ ಬಸ್ಸು ಹತ್ತಿದಳು. ಸೇತುವೆ ದಾಟುವಾಗ ಹೊಳೆಯ ಕಡೆ ನೋಡಲೂ ಮನಸ್ಸಾಗಲಿಲ್ಲ. ಫ್ಯಾಕ್ಟರಿ ಎದುರಿನ ಬಸ್ ಸ್ಟಾಪಿನಲ್ಲಿ, ಎರಡು ಗಂಟೆಗೆ ಶಿಫ್ಟು ಮುಗಿಸಿ, ಮಾಲತೇಶ ಒಬ್ಬನೇ ಕೂತಿದ್ದ. ಅವಳನ್ನು ಕಂಡು ಬಲಗೈಯನ್ನು ಹಿಂದೆ ಸರಿಸಿದ.

"ಕೈ ತೋರಿಸ್ರಿ."

"ಏನಿಲ್ಲ ಬಿಡ್ರಿ ಮೇಡಂ."

"ಮೇಡಂ ಅನ್ನಬ್ಯಾಡ್ರಿ. ತೋರಿಸ್ರಿ."

ಬಟ್ಟೆ ಬಿಚ್ಚಿದ. ಮಣಿಕಟ್ಟು ಊದಿ ನೀಲಿಗಟ್ಟಿತ್ತು. "ನಮ್ಮೂರ ಬದನೇಕಾಯಿ ಹಂಗಾಗೈತೆ, ಅಲ್ರಿ?" ಎಂದು ನಗಲು ನೋಡಿದ. ಅವಳ ಮುಖ ಕಂಡು ಆ ನಗು ಅರ್ಧಕ್ಕೇ ಆರಿತು. "ನಾಳೆಯಿಂದ ಬರಬ್ಯಾಡ ಅಂದ್ರು. ಸಾಯಂಕಾಲ ಆ ಕಾಗದಕ್ಕೆ ಮ್ಯಾನೇಜರ್ ಸಹಿ ಆಗ್ತೈತಂತೆ."

"ಯಾಕ ಹಂಗೆ ಓಡಿಸಿದ್ರಿ ಕೈನ?"

"ಪರೀಕ್ಷೆ ಅಂದ್ರಲ್ಲ. ನನ್ನ ಕೈಯಿಂದ ನೀವು ಫೇಲಾಗಬಾರದು ಅಂತ." ಬಿಚ್ಚಿದ ಬಟ್ಟೆಯನ್ನು ಮಡಚಿದ. "ಅದೂ ಅಲ್ದೆ, ಬಾಕ್ಸು ಮುಗಿದಾಗ ಮೊಬೈಲ್ ತಿರುಗಿಸಿ ತೋರಿಸ್ತಿದ್ರಿ. ಬೇಗ ಮುಗಿಸಿದ್ರೆ ಬೇಗ ನನ್ನ ಕಡೆ ತಿರುಗ್ತೀರಿ ಅಂತ."

ರಶ್ಮಿತಾ ಬ್ಯಾಗಿಗೆ ಕೈ ಹಾಕಿದಳು. ಮೊಬೈಲು ತೆಗೆದು ಪತ್ರ ತೋರಿಸಿದಳು. ಅವನು ಒಂದೊಂದೇ ಸಾಲು ಓದಿದ.

"ಇಲ್ಲಿ ಖಾಲಿ ಬಿಟ್ಟೀರಲ್ಲ?"

"ಅದು ಕಾರಣ."

ಅವನಿಗೆ ಅರ್ಥವಾಯಿತು. "ಬ್ಯಾಡ ರಶ್ಮಿತಾ," ಎಂದ. ಮೊದಲ ಸಲ ಹೆಸರು ಹಿಡಿದು ಕರೆದಿದ್ದ. "ನನಗೆ ಎಲ್ಲಾದ್ರೂ ಕೆಲಸ ಸಿಗ್ತೈತೆ. ನಿಮ್ಮದು ಹೋದ್ರೆ?"

"ಈ ಕೈ ಇಟ್ಕಂಡು ಎಲ್ಲಿ ಸಿಗ್ತೈತೆ? ಉಡಚಮ್ಮಗೆ ಎಲ್ಲಿ ಸಿಗ್ತೈತೆ?"

"ಕಳಿಸಿದ್ರೂ ಅವರು ಕೇಳ್ತಾರೆ ಅಂತ ಏನು ಖಾತ್ರಿ?"

"ಇಲ್ಲ. ಖಾತ್ರಿ ಇಲ್ಲ."

ಸಾರಥಿಯ ಬಸ್ಸು ಬಂದು ನಿಂತಿತು. ಕಂಡಕ್ಟರು ಎರಡು ಸಲ ಕೂಗಿದ. ಮಾಲತೇಶ ಏಳಲಿಲ್ಲ. ಬಸ್ಸು ಧೂಳೆಬ್ಬಿಸಿ ಹೋಯಿತು.

ಅವಳು ಮೊಬೈಲು ತೊಡೆಯ ಮೇಲಿಟ್ಟುಕೊಂಡಳು. ಖಾಲಿ ಬಿಟ್ಟ ಜಾಗದಲ್ಲಿ ಬೆರಳಿಟ್ಟಳು.

"ಆ ಕಡೆ ನೋಡ್ರಿ. ನೀವು ನೋಡಿದ್ರೆ ನನಗೆ ಕೈ ಓಡಲ್ಲ."

ಅವನು ಮುಖ ತಿರುಗಿಸಿದ. "ನಿಧಾನಕ್ಕೆ ಬರೀರಿ," ಎಂದ. "ನಾನೇನು ಟೈಮ್ ಹಿಡಿಯಲ್ಲ."

ಬಹಳ ಹೊತ್ತು ಹಿಡಿಯಿತು. ಬರೆದದ್ದು ನಾಲ್ಕೇ ಸಾಲು.

'ಮಾಲತೇಶ ಅವರು ಬಾಕ್ಸು ತುಂಬಿದ್ದು ಕಂಪನಿಯ ವೇಗದಲ್ಲಲ್ಲ. ನನಗಾಗಿ ಕೈ ಓಡಿಸಿದರು. ಅವರ ಕೈ ನೋಯುತ್ತಿರುವುದು ನನಗೆ ಗೊತ್ತಿತ್ತು, ಆದರೂ ತಡೆಯಲಿಲ್ಲ. ಅವರು ನನ್ನ ಕಡೆ ಕಣ್ಣೆತ್ತಿ ನೋಡುವುದು ನನಗೆ ಬೇಕಾಗಿತ್ತು, ಈಗಲೂ ಬೇಕು.'

ಆ ಮೇಜಿನ ಹತ್ತಿರ ಮಾಡುತ್ತಿದ್ದಂತೆಯೇ ಮೊಬೈಲನ್ನು ಅವನ ಕಡೆ ತಿರುಗಿಸಿದಳು. ಅವನು ಓದಿದ. ಊದಿದ ಕೈಯನ್ನು ಮೆಲ್ಲಗೆ ತಂದು ಅವಳ ಕೈಯ ಪಕ್ಕ ಇಟ್ಟ.

ರಶ್ಮಿತಾ ಪತ್ರ ಕಳಿಸಿದಳು.