ಮರಿತಾಯಮ್ಮನ ಸುಣ್ಣದ ಡಬ್ಬಿ

“ಡಬ್ಬಿ ಇಲ್ಲ ಮೇಡಂ! ಇಲ್ಲೇ ಮೇಜಿನ ಮ್ಯಾಲೆ ಇಟ್ಟಿದ್ದೆ!”

ರೂಪ ಮೇಜಿನ ಕೆಳಗೆ ಬಗ್ಗಿ ಹುಡುಕುತ್ತಿದ್ದಳು. ಕೊಪ್ಪದಿಂದ ಮದ್ದೂರಿಗೆ ಬಸ್ಸಿನಲ್ಲಿ ಬರುವಾಗಲೆಲ್ಲ ಅವಳ ಮುಷ್ಟಿಯೊಳಗೆ ಅಜ್ಜಿ ಮರಿತಾಯಮ್ಮನ ಬೆಳ್ಳಿಯ ಸುಣ್ಣದ ಡಬ್ಬಿ ಇರುತ್ತಿತ್ತು. ಅಜ್ಜಿ ತೀರಿಕೊಂಡ ಮೇಲೆ ಅವಳಿಗೆ ಯಾರೊಡನೆ ಮಾತಾಡಬೇಕೆಂದರೂ ಎದೆ ಡವಡವ. ಆಪ್ತಸಮಾಲೋಚಕಿ ನುಜ್ಹತ್ ಬಳಿಗೆ ಬರತೊಡಗಿದ್ದು ಅದಕ್ಕೇ.

ಕೆಲಸದ ಅಂಕಮ್ಮ ಕೋಣೆಯನ್ನೆಲ್ಲ ತಡಕಿ, ಗುಡಿಸಿ, ಕಿಟಕಿಯ ಚೌಕಟ್ಟನ್ನೂ ಬಿಡದೆ ಒರೆಸಿದಳು. ಡಬ್ಬಿ ಸಿಗಲಿಲ್ಲ.

ಮರುದಿನ ಬೆಳಿಗ್ಗೆ ರೂಪ ಮತ್ತೆ ಬಂದು ಆ ಕೋಣೆಯಲ್ಲಿ ಒಬ್ಬಳೇ ಕೂತಿದ್ದಳು. ಸ್ವಲ್ಪ ಹೊತ್ತಿಗೆ ನುಜ್ಹತ್, ಅಂಕಮ್ಮ ಬಂದರು; ಹಿಂದೆಯೇ ರೂಪಳ ಗಂಡ ಸ್ವರೂಪ್.

“ಕೆಲ್ಸದೋಳ್ನ ವಿಚಾರ್ಸಿ ಮೇಡಂ. ಬೆಳ್ಳಿ ಕಂಡ್ರೆ ಯಾರ್ ಬುಟ್ಟಾರು? ನಾನು ಸ್ಟೇಸನ್‌ಗೆ ಓಯ್ತೀನಿ.”

ಅಂಕಮ್ಮ ಪೊರಕೆ ಕೆಳಗಿಟ್ಟಳು. “ಓಗಪ್ಪ, ಓಗು! ಎಲೆ ಅಡ್ಕೆನೇ ಆಕ್ದೆ ಇರೋಳು, ಸುಣ್ಣ ತಕಂಡೋಗಿ ಗ್ವಾಡೆಗೆ ಬಳೀಲಾ?”

“ನಿನ್ನೆ ಫ್ಯಾನ್ ರಿಪೇರಿಗೆ ಬಂದಿದ್ನಲ್ಲ, ರಿಯಾಜು?” ಎಂದ ಸ್ವರೂಪ್.

“ಅವನು ಹೋದ ಮೇಲೂ ಡಬ್ಬಿ ಇತ್ತು,” ಎಂದಳು ನುಜ್ಹತ್. “ರೂಪ, ಮುಂದಿನ ತಿಂಗಳಿಂದ ಬರೋದು ಬೇಡ ಅಂತ ನಾನು ನಿನ್ನೆ ಹೇಳಿದಾಗ ಡಬ್ಬಿ ಎಲ್ಲಿತ್ತು?”

“ಕೈಲಿ.”

“ಆಮೇಲೆ?”

ರೂಪ ಕಿಟಕಿಯತ್ತ ನೋಡಿದಳು. ನುಜ್ಹತ್ ಕೂಡ ನೋಡಿದಳು. ಚೌಕಟ್ಟಿನ ಮೇಲೆ ಬೆರಳಗಲದ ಬಿಳಿ ಗುರುತು! ಮುಟ್ಟಿದಳು—ಹಸಿ ಸುಣ್ಣ.

ಒಂದು ಗಳಿಗೆ ನುಜ್ಹತ್ ಮದ್ದೂರಿನಲ್ಲಿರಲಿಲ್ಲ. ಮಳವಳ್ಳಿಯ ಮನೆಯ ಹೊಸ್ತಿಲಲ್ಲಿ ಅವಳ ಅಜ್ಜಿ ಜಾನ್ ಬೀ ಕೂತಿದ್ದಳು. ಸುಣ್ಣ ಒಣಗದಂತೆ ಡಬ್ಬಿಗೆ ದಿನಾ ಬೆಳಿಗ್ಗೆ ನಾಲ್ಕು ಹನಿ ನೀರು. ಬೆರಳಿನಲ್ಲಿ ಕಲಸಿ, ಉಳಿದದ್ದನ್ನು ಬಾಗಿಲ ಚೌಕಟ್ಟಿಗೆ ಒರೆಸುವುದು. ಅಜ್ಜಿ ಹೋದ ಮೇಲೆ ಆ ಗುರುತುಗಳ ಮೇಲೆ ಬಣ್ಣ ಹೊಡೆಸಲು ಅಪ್ಪ ಒಪ್ಪಿರಲೇ ಇಲ್ಲ.

“ಅಂಕಮ್ಮನೂ ಅಲ್ಲ, ರಿಯಾಜನೂ ಅಲ್ಲ,” ಎಂದಳು ನುಜ್ಹತ್. “ಡಬ್ಬಿಗೆ ನಾನು ಹೊಣೆ. ಸ್ವರೂಪ್, ಅಂಕಮ್ಮನಿಗೆ ತಪ್ಪಾಯ್ತು ಅಂದು, ಕೆಳಗೆ ಹೋಗಿ ಒಂದು ಟೀ ಕುಡೀರಿ.”

ಗೊಣಗಿಕೊಂಡೇ ಕ್ಷಮೆ ಕೇಳಿ ಅವನು ಇಳಿದುಹೋದ. ಅಂಕಮ್ಮನೂ ಹೊರಗೆ ಹೋದಳು. ಬಾಗಿಲು ಮುಚ್ಚಿತು.

“ನಿನ್ನೆ ಅಂಕಮ್ಮ ಈ ಚೌಕಟ್ಟು ಒರೆಸಿದಳು. ಆಮೇಲೆ ಈ ಕೋಣೆಯಲ್ಲಿ ಒಬ್ಬಳೇ ಇದ್ದವಳು ನೀನು ಮಾತ್ರ. ಡಬ್ಬಿ ಕಳೆದುಹೋಗಿದ್ದರೆ ಹಸಿ ಸುಣ್ಣ ಎಲ್ಲಿಂದ ಬಂತು, ರೂಪ?”

ರೂಪ ಸೀರೆಯ ಸೊಂಟದ ಮಡಿಕೆಯಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು.

“ನೀರಾಕ್ದೆ ಇರಕ್ಕಾಗ್ನಿಲ್ಲ. ಒಣಗೋದ್ರೆ ಅಜ್ಜಿ ಇನ್ನೊಂದ್ಸಲ ಓದಂಗಾಯ್ತದೆ. ನೀವು ಬರಬ್ಯಾಡ ಅಂದ್ಬುಟ್ರಿ... ಡಬ್ಬಿ ಕಳ್ದದೆ ಅಂದ್ರೆ ಉಡುಕಕ್ಕಾದ್ರೂ ಬರಬೋದು ಅಂತ...”

“ಬಚ್ಚಿಟ್ಟವಳು ನೀನು. ಬಚ್ಚಿಡುವ ಹಾಗೆ ಮಾಡಿದವಳು ನಾನು,” ಎಂದಳು ನುಜ್ಹತ್. “ಬಾಗಿಲಲ್ಲಿ ನಿಂತು, ಬಸ್ಸಿಗೆ ಹೊರಟವಳಿಗೆ ಹೇಳುವ ಮಾತಾ ಅದು? ನಿಲ್ಲಿಸೋದನ್ನೂ ಇಬ್ಬರೂ ಕೂತು, ನಿಧಾನವಾಗಿ ನಿಲ್ಲಿಸೋಣ. ನೀನು ಹೂಂ ಅನ್ನೋವರೆಗೂ ಬಾ.”

ರೂಪ ಮುಚ್ಚಿದ ಬಾಗಿಲ ಕಡೆ ನೋಡಿದಳು. “ಅಂಕಮ್ಮಕ್ಕಂಗೆ ಹೇಳ್ಬೇಕಾ?”

“ಹೇಳಬೇಕು ಅನ್ನಿಸಿದ ದಿನ ಹೇಳು. ಪಕ್ಕದಲ್ಲಿ ನಾನಿರ್ತೀನಿ.”

ಹೊರಗೆ ಪೊರಕೆಯ ಸದ್ದು. ರೂಪ ಎದ್ದಳು. ತಾನೇ ಬಾಗಿಲು ತೆರೆದಳು.

“ಅಂಕಮ್ಮಕ್ಕ, ಒಸಿ ಬಾ ಇಲ್ಲಿ. ಒಂದು ಮಾತು ಹೇಳ್ಬೇಕು.”

ಡಬ್ಬಿ ಮೇಜಿನ ಮೇಲೆಯೇ ಇತ್ತು.